ಲಕ್ಕಿ ಸೊಪ್ಪಿನ ಅಳತೆ

"ಅದನ್ನ ತಗೋಬ್ಯಾಡ್ರಿ."

ಹೈದರಾಬಾದಿನ ಬೇಗಂ ಬಜಾರಿನ ಜಡಿಬೂಟಿ ಅಂಗಡಿಯ ಮುಂದೆ ನಿಂತು ಗುಣವತಿ ಒಣ ಸೊಪ್ಪಿನ ಚೀಲಕ್ಕೆ ಕೈ ಹಾಕಿದ್ದಳಷ್ಟೇ. ಸುತ್ತ ಹಿಂದಿ, ತೆಲುಗು, ಮಾರವಾಡಿ ಮಾತಿನ ಗದ್ದಲ. ಅದರ ನಡುವೆ ಬೆನ್ನ ಹಿಂದೆ ಕನ್ನಡದ ಮಾತು ಕೇಳಿದರೆ ಯಾರಾದರೂ ತಿರುಗಿ ನೋಡುತ್ತಾರೆ. ಅವಳು ನೋಡಲಿಲ್ಲ. ಅವ್ವ ತೀರಿಹೋದ ಮೇಲೆ ಅವಳು ಯಾವುದಕ್ಕೂ ತಿರುಗಿ ನೋಡುವುದನ್ನು ಬಿಟ್ಟಿದ್ದಳು.

"ರೀ... ನಿಮಗ ಹೇಳಾಕತ್ತೀನಿ. ಆ ಲಕ್ಕಿ ಸೊಪ್ಪನ್ನ ಬಿಸಲಾಗ ಒಣಗಿಸ್ಯಾರ. ಅದರಾಗಿನ ಕಸುವೆಲ್ಲಾ ಹೋಗೇತಿ."

ಈಗ ಅವಳು ತಿರುಗಿದಳು. ಎದುರಿಗೆ ಎತ್ತರದ, ತೆಳ್ಳನೆಯ ಒಬ್ಬ ಯುವಕ. ಹೆಗಲಿಗೆ ಬಟ್ಟೆಯ ಚೀಲ, ಮುಖದ ತುಂಬ ಕಾಳಜಿ. ಯಾರಿಗೆ ಬೇಕಾಗಿತ್ತು ಇವನ ಕಾಳಜಿ!

"ನನಗ ಕನ್ನಡ ಬರತೈತಿ ಅಂತ ನಿಮಗ್ಯಾರು ಹೇಳಿದ್ರು?"

"ಈಗ ಫೋನಿನ್ಯಾಗ ಅಣ್ಣಾ, ಸೊಪ್ಪು ಸಿಕ್ಕೇತಿ ಅಂದ್ರಲ್ಲ, ಕೇಳಿಸ್ತು."

"ಮಂದಿ ಫೋನಿನ ಮಾತು ಕೇಳೂದು ನಿಮ್ಮ ಕೆಲಸೇನು?"

"ಅಲ್ರಿ. ಸೊಪ್ಪು ನೋಡೂದು ನನ್ನ ಕೆಲಸ." ಅವನು ಅಂಗಡಿಯ ಚೀಲದಿಂದ ಒಂದೆಲೆ ತೆಗೆದು ಬೆರಳಲ್ಲಿ ಉಜ್ಜಿ ಅವಳ ಮುಂದೆ ಹಿಡಿದ. "ಮೂಸಿ ನೋಡ್ರಿ."

ಅವಳು ಮೂಸಿದಳು. ಧೂಳಿನ ವಾಸನೆ ಬಿಟ್ಟು ಏನೂ ಇರಲಿಲ್ಲ.

"ಈಗ ಇದನ್ನ ನೋಡ್ರಿ. ಪಟಾನ್‌ಚೆರು ಕಡಿ ಕೆರಿ ದಂಡಿಮ್ಯಾಲ ಸಿಕ್ಕಿದ್ದು. ನೆಳ್ಳಾಗ ಒಣಗಿಸೀನಿ." ತನ್ನ ಚೀಲದಿಂದ ಇನ್ನೊಂದು ಎಲೆ ತೆಗೆದು ಉಜ್ಜಿದ.

ಘಾಟು ಮೂಗಿಗೆ ಬಡಿಯಿತು. ತಗಡಿನ ಶೆಡ್ಡು, ಕಾದ ಹಂಚು, ಹಂಚಿನ ಮೇಲೆ ಬಾಡುವ ಸೊಪ್ಪು, ಬಾತುಕೊಂಡ ಮೊಣಕಾಲು ಚಾಚಿ ಕೂತ ಅವ್ವ... ಗುಣವತಿಯ ಎದೆಯಲ್ಲಿ ಏನೋ ಅಲುಗಾಡಿತು. ಬಹಳ ದಿನಗಳ ನಂತರ ಅಲುಗಾಡಿದ್ದು. ಅದು ಅವಳಿಗೆ ಸ್ವಲ್ಪವೂ ಹಿಡಿಸಲಿಲ್ಲ.

"ಸಾಕು," ಎಂದಷ್ಟೇ ಹೇಳಿ ಸೊಪ್ಪು ಕೊಳ್ಳದೆ ಹೊರಟುಹೋದಳು.

ಮರುದಿನ ಅವಳು ಸಂಶೋಧನೆ ಮಾಡುವ ಕಾಲೇಜಿನ ಪ್ರಯೋಗಾಲಯದಲ್ಲಿ ಅದೇ ಮುಖ! ಗುಣವತಿಯ ಗೈಡ್ ಯಮುನಾಬಾಯಿ ಮೇಡಂ ಪರಿಚಯ ಮಾಡಿಕೊಟ್ಟರು. ಅವರು ಬೀದರ್ ಕಡೆಯವರು, ಮಾತಿನಲ್ಲಿ ಮೆತ್ತಗೆ, ಕೆಲಸದಲ್ಲಿ ಬಿಗಿ.

"ಇಂವಾ ಹುಲಗೇಶ. ಕೊಪ್ಪಳದಾಂವ. ಗಿಡಗಳ ಸಾರ ತೆಗಿಯೂದರಾಗ ಪಿಎಚ್‌ಡಿ ಮಾಡ್ಲಿಕ್ಕೆ ಬಂದಾನ. ನಿನ್ನ ಲಕ್ಕಿ ಸೊಪ್ಪಿನ ಸಾರ ಇನ್ನ ಮ್ಯಾಲೆ ಇವನೇ ತೆಗೆದು ಕೊಡ್ತಾನ."

ಹುಲಗೇಶ ಕೈ ಮುಗಿದ. ಗುಣವತಿ ತಲೆಯಾಡಿಸಿದಳು. ಅಷ್ಟೇ. ಪ್ರೇಮಕಥೆ ಹೀಗೂ ಶುರುವಾಗಬಹುದು.

ಗುಣವತಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಅವಳ ಅವ್ವ ಗದಿಗೆಮ್ಮ ಸೇಡಂ ಕಡೆಯ ಹಳ್ಳಿಯಿಂದ ಗೌಂಡಿ ಕೆಲಸಕ್ಕೆಂದು ಹೈದರಾಬಾದಿಗೆ ಬಂದವಳು. ಲಿಂಗಂಪಲ್ಲಿಯ ಸುತ್ತ ಎದ್ದು ನಿಂತ ಎಷ್ಟೋ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊತ್ತವಳು. ಅವಳ ಮೊಣಕಾಲಿನ ಕೀಲುಗಳು ಬಾತುಕೊಂಡು ಕೆಂಪಗಾಗುತ್ತಿದ್ದವು. ಸಂಜೆ ಮಗಳು ಲಕ್ಕಿ ಸೊಪ್ಪನ್ನು ಹಂಚಿನ ಮೇಲೆ ಬಾಡಿಸಿ, ಹಳೆ ಸೀರೆಯ ತುಂಡಿನಲ್ಲಿ ಮೊಣಕಾಲಿಗೆ ಕಟ್ಟುತ್ತಿದ್ದಳು. ಕಟ್ಟಿ ಸ್ವಲ್ಪ ಹೊತ್ತಿಗೇ ಕೇಳುವಳು, "ಅವ್ವಾ, ನೋವು ಕಮ್ಮಿ ಆತೇನು?"

"ಆತು ನನ್ನವ್ವ. ಭಾಳ ಕಮ್ಮಿ ಆತು."

ಪ್ರತಿ ಸಲವೂ ಅದೇ ಉತ್ತರ.

ಕ್ಲಿನಿಕ್ಕಿನ ಡಾಕ್ಟರು ನಕ್ಕಿದ್ದರು. "ಸೊಪ್ಪಿನಿಂದ ಏನೂ ಆಗಲ್ಲಮ್ಮ. ಮಗಳು ಕಟ್ಟುತ್ತಾಳೆ ಅಂತ ನಿಮಗೆ ಹಾಯೆನಿಸುತ್ತೆ, ಅಷ್ಟೇ."

ಹೋದ ವರ್ಷ ಅವ್ವ ಎದೆನೋವಿನಿಂದ ಒಮ್ಮೆಲೇ ಹೋಗಿಬಿಟ್ಟಳು. ಅಣ್ಣ ಕಾಶಿನಾಥ ಗೋಡೆಗೆ ತಲೆ ಚಚ್ಚಿಕೊಂಡು ಅತ್ತ. ಗುಣವತಿಗೆ ಒಂದು ಹನಿ ಕಣ್ಣೀರೂ ಬರಲಿಲ್ಲ. ದುಃಖವಾಗಿದ್ದರೆ ಒಳ್ಳೆಯದಿತ್ತು. ಏನೂ ಆಗಲಿಲ್ಲ. ಚಹಾ ಬಿಸಿಯಾಗಿದೆ ಎಂದು ನಾಲಿಗೆ ಸುಟ್ಟ ಮೇಲೆ ಗೊತ್ತಾಗುತ್ತಿತ್ತು. ಹಬ್ಬಕ್ಕೆ ಅಣ್ಣ ಸುಲ್ತಾನ್ ಬಜಾರಿಗೆ ಕರೆದುಕೊಂಡು ಹೋಗಿ ಯಾವ ಬಣ್ಣ ಬೇಕು ಎಂದರೆ, ಯಾವುದಾದರೂ ಆದೀತು ಎನ್ನುತ್ತಿದ್ದಳು. ಮಂದಿ ಅವಳನ್ನು ಗಟ್ಟಿ ಹೆಣ್ಣುಮಗಳು ಎಂದು ಹೊಗಳಿದರು. ಕಲ್ಲಾಗಿದ್ದಾಳೆ ಎಂದು ಯಾರಿಗೂ ಹೊಳೆಯಲಿಲ್ಲ.

ಒಳಗೆ ಉಳಿದದ್ದು ಒಂದೇ ಪ್ರಶ್ನೆ. ಅವ್ವನಿಗೆ ನಿಜವಾಗಿ ನೋವು ಕಡಿಮೆಯಾಗುತ್ತಿತ್ತೋ... ಅಥವಾ ಮಗಳ ಮನಸ್ಸು ನೋಯಬಾರದೆಂದು ಹಾಗೆ ಹೇಳುತ್ತಿದ್ದಳೋ? ಹಲ್ಲು ಕಚ್ಚಿ ನೋವು ನುಂಗಿ, ಮಗಳ ಮುಖ ನೋಡಿ ಸುಳ್ಳು ಹೇಳುತ್ತಿದ್ದಳೋ?

ಅದಕ್ಕೇ ಅವಳು ತನ್ನ ಸಂಶೋಧನೆಗೆ ಲಕ್ಕಿ ಸೊಪ್ಪನ್ನೇ ಆರಿಸಿಕೊಂಡಿದ್ದು. ಇದು ಬಾವು ಇಳಿಸುತ್ತದೆಯೋ ಇಲ್ಲವೋ ಎಂಬುದು ಅವಳಿಗೆ ಬರೀ ಡಿಗ್ರಿಯ ಮಾತಾಗಿರಲಿಲ್ಲ.

ಹುಲಗೇಶನ ಕೆಲಸ ನೋಡುವುದೇ ಒಂದು ಸಮಾಧಾನ. ನೆರಳಲ್ಲಿ ಒಣಗಿದ ಎಲೆಯನ್ನು ಪುಡಿ ಮಾಡಿ, ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಸೋಸಿ, ಸಣ್ಣ ಬಿಸಿಯಲ್ಲಿ ಇಂಗಿಸುತ್ತ ಹೋಗುವನು. ಕೊನೆಗೆ ತಳದಲ್ಲಿ ಉಳಿಯುವುದು ಡಾಂಬರಿನಂಥ ಕಡುಹಸಿರು ಸಾರ. ಅವನ ಮುಖ ಮಾತ್ರ ತೆರೆದ ಬಾಗಿಲು. ಸಾರ ಚೆನ್ನಾಗಿ ಬಂದರೆ ಬಾಗಿಲಲ್ಲೇ ಗೊತ್ತಾಗುತ್ತಿತ್ತು, ಕೆಟ್ಟರೂ ಗೊತ್ತಾಗುತ್ತಿತ್ತು.

"ನಿಮ್ಮ ಹೊಟ್ಟಿಯೊಳಗ ಒಂದ್ ಮಾತೂ ನಿಲ್ಲಾಂಗಿಲ್ಲ ಬಿಡ್ರಿ," ಎಂದಳೊಮ್ಮೆ.

"ನಿಮ್ಮ ಹೊಟ್ಟಿಯಿಂದ ಒಂದೂ ಹೊರಗ ಬರಾಂಗಿಲ್ಲ. ಇಬ್ಬರನ್ನೂ ಕೂಡಿಸಿದ್ರ ಒಂದ್ ಚಲೋ ಮನಶ್ಯಾ ಆಗ್ತಾನ."

ಅವಳ ತುಟಿ ಕೊಂಕಿತು. ನಗೆ ಎನ್ನುವಷ್ಟಿರಲಿಲ್ಲ. ಹುಲಗೇಶನಿಗೆ ಮಾತ್ರ ಅವತ್ತಿಡೀ ದಿನಕ್ಕೆ ಅಷ್ಟೇ ಸಾಕಾಯಿತು.

ಸಂಜೆ ಇಬ್ಬರೂ ಲಿಂಗಂಪಲ್ಲಿಯ ಲೋಕಲ್ ರೈಲು ಹಿಡಿಯುತ್ತಿದ್ದರು. ಅವ್ವನ ವಿಷಯ, ಆ ಪ್ರಶ್ನೆ, ಎಲ್ಲವನ್ನೂ ಅವಳು ರೈಲಿನಲ್ಲೇ ಹೇಳಿಕೊಂಡದ್ದು. ಅವನು ಅಯ್ಯೋ ಪಾಪ ಅನ್ನಲಿಲ್ಲ. "ಅಳತಿ ಮಾಡೂಣು. ಗೊತ್ತಾಕೈತಿ," ಎಂದ. ಆ ಒಂದು ಮಾತು ಅವಳಿಗೆ ಎಷ್ಟು ಹಿತವಾಯಿತೆಂದರೆ, ಇಳಿಯುವ ಸ್ಟೇಷನ್ ಬಂದದ್ದೂ ತಿಳಿಯಲಿಲ್ಲ.

ಇಳಿಯುವಾಗ ಅವನು ಬಾಗಿಲ ಹತ್ತಿರ ತಡೆದ. "ಗುಣವತಿಯವರ... ನಿಮಗೊಂದು ಮಾತು ಹೇಳೂದೈತಿ."

"ಹೇಳ್ರಿ."

ಅವನ ಮುಖ ಕೆಂಪಗಾಯಿತು. "ಇಲ್ಲಿ ಗದ್ಲ ಐತಿ. ನಾಳೆ ಹೇಳ್ತೀನಿ."

ಮನೆಗೆ ನಡೆಯುವಾಗ ಅವಳಿಗೆ ಹಸಿವಾಯಿತು. ಹಸಿವು ಹೇಗಿರುತ್ತದೆ ಎಂಬುದೇ ಅವಳಿಗೆ ಮರೆತಂತಾಗಿತ್ತು.

ಆದರೆ ಆ ನಾಳೆ ಬರಲೇ ಇಲ್ಲ.

ಮರುದಿನ ಹುಲಗೇಶ ಎದುರಿಗೆ ಸಿಕ್ಕರೂ ನೆಲ ನೋಡುತ್ತ ಹೋದ. ಕ್ಯಾಂಟೀನಿನಲ್ಲಿ ಅವಳು ಬಂದರೆ ಎದ್ದ. ರೈಲಿನಲ್ಲೂ ಕಾಣಲಿಲ್ಲ. ಫೋನ್ ಮಾಡಿದರೆ, "ಕೆಲಸ ಭಾಳ ಐತ್ರಿ," ಎಂದು ಇಟ್ಟುಬಿಟ್ಟ.

'ಏನಾಯಿತು ಇವನಿಗೆ? ನಾನೇನಾದರೂ ಅಂದೆನೇ?' ಅವಳು ಹುಡುಕಿದಳು. ಏನೂ ಸಿಗಲಿಲ್ಲ. ಕೊನೆಗೆ ಒಂದು ಉತ್ತರ ತಾನೇ ಮಾಡಿಕೊಂಡಳು. 'ತಾಯಿ ಇಲ್ಲದವಳು ಎಂದು ಕನಿಕರಪಟ್ಟ. ಕನಿಕರ ಮುಗಿಯಿತು, ಹೋದ. ಹಿತವಾದ ಮಾತು ಹೇಳುವವರೆಲ್ಲ ಅಷ್ಟೇ...'

ಕಲ್ಲು ಮತ್ತೆ ಮೊದಲಿನ ಜಾಗದಲ್ಲಿ ಕೂತಿತು. ಒಂದು ಲೆಕ್ಕದಲ್ಲಿ ಅವಳಿಗೆ ಆರಾಮವೇ ಅನಿಸಿತು. ಕಲ್ಲಿಗೆ ನೋಯುವುದಿಲ್ಲ.

ಅದೇ ವಾರ ಅವಳ ಕೊನೆಯ ಪರೀಕ್ಷೆ ಶುರುವಾಗಿತ್ತು. ಹಿಂದೊಮ್ಮೆ ಇದೇ ಪರೀಕ್ಷೆ ಮಾಡಿ ಅವಳು ಪೆಟ್ಟು ತಿಂದಿದ್ದಳು. ಕೀಲುಬಾವು ಬರಿಸಿದ ಇಲಿಯ ಹಿಂಗಾಲನ್ನು ಅದರ ಮೇಲೆ ಹಾಕಿದ ಗುರುತಿನವರೆಗೆ ನೀರಿನ ನಳಿಗೆಯಲ್ಲಿ ಮುಳುಗಿಸಬೇಕು. ನೀರು ಎಷ್ಟು ಏರಿತೋ ಬಾವು ಅಷ್ಟು. ಕೈ ಒಂದು ಎಳೆಯಷ್ಟು ಮೇಲೆ ಕೆಳಗೆ ಆದರೂ ಅಳತೆ ಬದಲಾಗುತ್ತದೆ. ಆಗ ಲಕ್ಕಿ ಸಾರ ಕುಡಿಸಿದ ಇಲಿ ಯಾವುದು ಎಂದು ಅವಳಿಗೆ ಗೊತ್ತಿತ್ತು. ಪರಿಶೀಲನೆಗೆ ಬಂದವರು ನೇರವಾಗಿ ಹೇಳಿದ್ದರು, "ನಿಮ್ಮ ಕೈ ನಿಮ್ಮ ಮನಸ್ಸಿನ ಮಾತು ಕೇಳಿದೆ. ಇದನ್ನು ನಂಬುವುದು ಹೇಗೆ?"

ಅದಕ್ಕೇ ಈ ಸಲ ಮೇಡಂ ಬಿಗಿಯಾದ ಕಟ್ಟಳೆ ಮಾಡಿದ್ದರು. ಮೂರು ಗುಂಪು. ಒಂದಕ್ಕೆ ಔಷಧವಿಲ್ಲದ ಬರೀ ಗೋಂದಿನ ನೀರು, ಒಂದಕ್ಕೆ ಆಸ್ಪತ್ರೆಯಲ್ಲಿ ಕೊಡುವ ನೋವಿನ ಮಾತ್ರೆ, ಒಂದಕ್ಕೆ ಲಕ್ಕಿ ಸಾರ. ಪಂಜರದ ಮೇಲೆ ಎ, ಬಿ, ಸಿ ಎಂದಷ್ಟೇ ಇರುತ್ತದೆ. ಗುಣವತಿ ಬರುವ ಮೊದಲೇ ಯಾರೋ ಔಷಧ ಕುಡಿಸಿ ಹೋಗಿರುತ್ತಾರೆ. ಅವಳು ಬಂದು ಅಳೆಯಬೇಕು. ಕುಡಿಸಿದವರು ಯಾರು ಎಂದೂ ಕೇಳಬಾರದು.

"ಈ ಸಲ ಹಾಳಾದ್ರ ಮತ್ತ ಮಾಡ್ಲಿಕ್ಕೆ ಪರವಾನಗಿ ಸಿಗಂಗಿಲ್ಲ ನೋಡವ್ವ," ಎಂದಿದ್ದರು ಮೇಡಂ.

ವಾರಗಳು ಕಳೆದವು. ಎ ಗುಂಪಿನ ಬಾವು ಇಳಿಯಲಿಲ್ಲ. ಬಿ ಸ್ವಲ್ಪ ಸ್ವಲ್ಪ ಇಳಿಯಿತು. ಸಿ ಮಾತ್ರ ಚೆನ್ನಾಗಿ ಇಳಿಯುತ್ತ ಬಂತು!

ಯಾವುದು ಯಾವುದೆಂದು ಗೊತ್ತಾಗದಿರಲಿ ಎಂದು ಇಷ್ಟೆಲ್ಲ ಏರ್ಪಾಡು ಮಾಡಿದ್ದರೆ, ನಮ್ಮ ಗುಣವತಿ ಮನಸ್ಸಿನಲ್ಲೇ ಹೆಸರಿಟ್ಟುಬಿಟ್ಟಿದ್ದಳು. ಸಿ ಅಂದರೆ ಅವ್ವನ ಸೊಪ್ಪು. ಆ ಪಂಜರದ ಹತ್ತಿರ ಬಂದಾಗ ಮಾತ್ರ ಅವಳ ಮುಖದಲ್ಲಿ ಜೀವ ಕಾಣುತ್ತಿತ್ತು. ಬಿ ಗುಂಪನ್ನು ಅವಳು ಅಳೆದು, ಬರೆದು, ಮರೆಯುತ್ತಿದ್ದಳು.

ಒಂದು ದಿನ ಜೊತೆಗೆ ಓದುವ ಭಕ್ತಿಗೆ ವರಾಂಡದಲ್ಲಿ ಹೇಳಿಯೂಬಿಟ್ಟಳು. "ಸಿ ನಮ್ಮವ್ವನ ಸೊಪ್ಪ ಐತಿ ಭಕ್ತಿ. ನನಗ ಖಾತ್ರಿ ಐತಿ. ಅವ್ವ ನನಗ ಸುಳ್ಳು ಹೇಳಿಲ್ಲ."

ಹುಲಗೇಶ ಅದೇ ಹೊತ್ತಿಗೆ ಮೆಟ್ಟಿಲು ಹತ್ತಿ ಬರುತ್ತಿದ್ದ. ಮಾತು ಕಿವಿಗೆ ಬಿದ್ದದ್ದೇ ತಡ, ಅಲ್ಲೇ ತಿರುಗಿ ಸರಸರನೆ ಇಳಿದು ಹೋದ.

'ನನ್ನ ಖುಷಿಯನ್ನೂ ನೋಡಲಾರನೇ?' ಅಂದುಕೊಂಡಳು. ಬೇಸರವಾಗಬೇಕಿತ್ತು. ಅದೂ ಆಗಲಿಲ್ಲ.

ಲೆಕ್ಕ ಬಿಚ್ಚುವ ದಿನ ಬಂತು.

ಮೇಡಂ ಕೋಣೆಯಲ್ಲಿ ಗುಣವತಿ, ಭಕ್ತಿ, ಮತ್ತಿಬ್ಬರು ಅಧ್ಯಾಪಕರು. ಪರದೆಯ ಮೇಲೆ ಮೂರು ಗೆರೆಗಳು. ಬಾಗಿಲು ತೆರೆದು ಹುಲಗೇಶ ಒಳಗೆ ಬಂದ. ಇವನಿಗೇನು ಕೆಲಸ ಇಲ್ಲಿ ಎಂದುಕೊಳ್ಳುವಷ್ಟರಲ್ಲಿ ಮೇಡಂ ಹೇಳಿದರು, "ಬಾರಪಾ. ಇಷ್ಟು ದಿವಸ ಔಷಧ ಕುಡಿಸಿದಾಂವ ನೀನು. ಯಾವುದಕ್ಕ ಏನು ಕೊಟ್ಟಿ, ಈಗ ನೀನೇ ಹೇಳು."

ಗುಣವತಿ ಅವನನ್ನೇ ನೋಡಿದಳು. ಎಷ್ಟೋ ದಿನಗಳ ಮೇಲೆ ಅವನೂ ಅವಳನ್ನು ನೋಡಿದ.

"ಎ ಗೋಂದಿನ ನೀರ್ರಿ. ಸಿ... ನೋವಿನ ಮಾತ್ರಿ. ಬಿ ಲಕ್ಕಿ ಸಾರ."

ಭಕ್ತಿ ಅವಳ ಕೈ ಹಿಡಿದಳು.

"ಬಿ ಗುಂಪೂ ಛಲೋ ಅದ," ಎಂದರು ಮೇಡಂ. "ಮಾತ್ರಿಯಷ್ಟಲ್ಲ. ಆದ್ರ ಲೆಕ್ಕಕ್ಕ ನಿಲ್ತದ. ನಿನ್ನ ಥೀಸಿಸ್ಸಿಗೆ ಏನೂ ತೊಂದರಿಲ್ಲ ಗುಣವತಿ."

"ಹೌದು ಮೇಡಂ," ಎಂದಳು. ನಮಸ್ಕಾರ ಮಾಡಿದಳು. ಚೀಲ ತೆಗೆದುಕೊಂಡಳು. ಮೆಟ್ಟಿಲು ಇಳಿದು, ಗೇಟು ದಾಟಿ, ಸ್ಟೇಷನ್ನಿನ ಬೆಂಚಿನ ಮೇಲೆ ಕೂತಾಗಲೂ ಅವಳಿಗೆ ಏನೂ ಅನಿಸುತ್ತಿರಲಿಲ್ಲ. ಎದುರಿಗೆ ಒಬ್ಬಾಕೆ ಮಗುವಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದಳು. ಅದನ್ನೇ ನೋಡುತ್ತ ಕೂತಳು.

"ಗುಣವತಿಯವರ."

ಓಡಿ ಬಂದಿದ್ದ. ಏದುಸಿರು ಬಿಡುತ್ತಿದ್ದ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ.

"ನಿಮಗ ಮೊದಲಿನಿಂದ ಗೊತ್ತಿತ್ತು," ಎಂದಳು ಅವಳು.

"ಹೌದ್ರಿ."

"ಆವತ್ತ ವರಾಂಡದಾಗ ನಾ ಅಂದದ್ದು ಕೇಳಿಸ್ತಲ್ಲ?"

"ಕೇಳಿಸ್ತು."

"ಹುಚ್ಚಿ ಹಂಗ ಸಿ ಪಂಜರದ ಮುಂದ ನಿಂದರ್ತಿದ್ದೆ ನಾನು. ನಮ್ಮವ್ವ, ನಮ್ಮವ್ವ ಅಂತ..." ಅವಳ ದನಿ ಏರಿತು. ತನ್ನ ದನಿ ಏರಿದ್ದು ಕೇಳಿ ಅವಳಿಗೇ ಅಚ್ಚರಿಯಾಯಿತು. "ಒಂದ್ ಮಾತ ಹೇಳಾಕ ಏನಾಗಿತ್ತು ನಿಮಗ? ನೋಡ್ಕೊಂತ ಕುಂತ್ರಿ? ನನ್ನ ಜೋಡಿ ಮಾತು ಬಿಟ್ರಿ, ರೈಲು ಬಿಟ್ರಿ, ಎಲ್ಲಾ ಬಿಟ್ರಿ. ನಾ ಏನು ಮಾಡಿದ್ದೆ ನಿಮಗ?"

ಕೋಪ ಬಂದಿತ್ತು! ಎಷ್ಟು ದಿನಗಳ ಮೇಲೆ ಅವಳಿಗೆ ಕೋಪ ಬಂದಿತ್ತು. ಹುಲಗೇಶ ಅದನ್ನು ತಡೆಯಲಿಲ್ಲ. ಪೂರ್ತಿ ಕೇಳಿಸಿಕೊಂಡು ಆಮೇಲೆ ಮೆಲ್ಲಗೆ ಹೇಳಿದ.

"ಆ ರೈಲಿನ ಮರುದಿನ ಮುಂಜಾನೆ ಮೇಡಂ ಕರದ್ರು. ಔಷಧ ನೀನೇ ಕುಡಿಸು, ಆಕಿಗೆ ಸುಳಿವು ಸಿಗಬಾರದು ಅಂದ್ರು. ನನ್ನ ಮಾರಿ ನಿಮಗ ಗೊತ್ತೈತಿ. ನಿಮ್ಮ ಎದುರಿಗೆ ಕುಂತು ಒಂದ್ ಕಪ್ ಚಹಾ ಕುಡಿದಿದ್ರ ಸಾಕಾಗಿತ್ತು. ಬಿ ಯಾವುದು, ಸಿ ಯಾವುದು, ಎಲ್ಲಾ ಓದಿಬಿಡ್ತಿದ್ರಿ. ಆಮ್ಯಾಲ ನಿಮ್ಮ ಕೈ ಮತ್ತ ಮನಸಿನ ಮಾತು ಕೇಳ್ತಿತ್ತು."

"ನಾನೇ ಔಷಧ ಕುಡಸಾಕತ್ತೀನಿ ಅಂತರ ಹೇಳಬಹುದಿತ್ತಲ್ಲ."

"ಅಷ್ಟು ಹೇಳಿದ್ರ ನೀವು ನನ್ನ ಮಾರಿ ನೋಡೂದು ಬಿಡ್ತಿದ್ರೇನು?"

ಬಿಡುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಭಾಳ ತ್ರಾಸಾತ್ರಿ ನನಗ," ಎಂದ ಅವನು. "ಆವತ್ತ ಮೆಟ್ಟಲ ಇಳಿದು ಹೋಗಿ ಅತ್ತಬಿಟ್ಟೆ. ಆದ್ರ ಒಂದ್ ಮಾತು ವಿಚಾರ ಮಾಡ್ರಿ. ನೀವು ಸಿ ಕಡಿ ಇದ್ರಿ. ನಿಮ್ಮ ಆಸಿ, ನಿಮ್ಮ ಕೈ, ಎಲ್ಲಾ ಸಿ ಕಡಿ. ಬಿ ಪಂಜರದ ಕಡಿ ಒಂದಿನಾನೂ ಪ್ರೀತಿಲೆ ನೋಡಲಿಲ್ಲ. ಆದ್ರೂ ಬಿ ಬಾವು ಇಳದೈತಿ. ನೀವೇ ಇಳಿಸೀರಿ ಅಂತ ಈಗ ಯಾರೂ ಅನ್ನಾಂಗಿಲ್ಲ."

ಗುಣವತಿ ಅವನ ಕಡೆ ತಿರುಗಿದಳು.

"ಇಲಿಗೂ ಅವ್ವಗೂ ಭಾಳ ಫರಕ ಐತಿ," ಎಂದು ಅವನು ಮುಂದುವರಿಸಿದ. "ಕುಡಿಯೂದಕ್ಕೂ ಕಟ್ಟೂದಕ್ಕೂ ಫರಕ ಐತಿ. ಅದನ್ನ ಮುಚ್ಚಿಡಾಂಗಿಲ್ಲ ನಾನು. ಭಾಳ ಕಮ್ಮಿ ಆಗ್ತಿತ್ತೋ ಇಲ್ಲೋ ಗೊತ್ತಿಲ್ಲ. ಆದ್ರ ಆ ಸೊಪ್ಪಿನ್ಯಾಗ ಕಸುವು ಐತಿ. ಸ್ವಲ್ಪರ ಕಮ್ಮಿ ಆಗಿರಬೇಕ್ರಿ ಅವ್ವಗ."

ಸ್ವಲ್ಪ.

ಆ ಸಣ್ಣ ಮಾತು ಒಳಗೆ ಇಳಿಯಿತು. ಸಿ ಗೆದ್ದಿದ್ದರೆ ಎಷ್ಟು ಖುಷಿಯಾಗುತ್ತಿತ್ತೋ ಏನೋ, ಆದರೆ ಇದು ನಂಬಬಹುದಾದ ಮಾತಾಗಿತ್ತು. ಸಂಜೆ ಸೊಪ್ಪು ಕಟ್ಟಿದ ಮೇಲೆ ಅವ್ವನಿಗೆ ಸ್ವಲ್ಪ ನೋವು ಕಡಿಮೆಯಾಗಿತ್ತು. ಉಳಿದ ನೋವನ್ನು ಅವಳು ಮಗಳ ಮೇಲಿನ ಪ್ರೀತಿಗೆ ನುಂಗಿಕೊಂಡಿದ್ದಳು. ಎರಡೂ ನಿಜ ಇರಬಹುದು.

ಅವಳ ಕಣ್ಣು ತುಂಬಿತು. ಮೊದಲ ಹನಿ ಕೈಮೇಲೆ ಬಿದ್ದಾಗ ಬೆಚ್ಚಗಿದೆ ಎಂದು ಗೊತ್ತಾಯಿತು. ಆಮೇಲೆ ತಡೆಯಲಾಗಲಿಲ್ಲ. ಒಂದು ವರ್ಷದ ಅಳು ಸ್ಟೇಷನ್ನಿನ ಬೆಂಚಿನ ಮೇಲೆ, ಬಾಳೆಹಣ್ಣಿನ ಮಗು ಪಿಳಿಪಿಳಿ ನೋಡುತ್ತಿರುವಾಗ, ಬಿಕ್ಕಿ ಬಿಕ್ಕಿ ಹೊರಬಂತು. "ಅವ್ವಾ... ಅವ್ವಾ..." ಎಂದಷ್ಟೇ ಅನ್ನುತ್ತಿದ್ದಳು.

ಹುಲಗೇಶ ಅಳಬೇಡಿ ಅನ್ನಲಿಲ್ಲ. ಹತ್ತಿರ ಸರಿದು, ನೀರಿನ ಬಾಟಲಿಯ ಮುಚ್ಚಳ ತೆಗೆದು ಹಿಡಿದುಕೊಂಡು ಕೂತಿದ್ದ.

ಬಹಳ ಹೊತ್ತಿನ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನೀರು ಕುಡಿದಳು.

"ಆವತ್ತ ರೈಲಿನ್ಯಾಗ ಏನೋ ಹೇಳೂದೈತಿ ಅಂದಿದ್ರಿ."

"ನಿಮಗ ಇನ್ನೂ ಗೊತ್ತಾಗಿಲ್ಲೇನು?"

"ನನ್ನ ಊಹೆ ಮ್ಯಾಲ ನನಗ ನಂಬಿಗಿ ಇಲ್ಲ. ಸಿ ನೋಡಿ ಕೆಟ್ಟೀನಿ. ನೀವ ಹೇಳ್ರಿ."

ಅವನು ನಕ್ಕ. ನಗುತ್ತಲೇ ಅವನ ಕಣ್ಣೂ ತೇವವಾಯಿತು. "ನಿಮ್ಮ ಮ್ಯಾಲ ಭಾಳ ಜೀವ ಐತಿ ನಂದು, ಗುಣವತಿ. ನಿಮ್ಮ ಜೋಡಿ ಬಾಳ್ವೆ ಮಾಡೂ ಆಸಿ ಐತಿ."

ರೈಲು ಬರುವ ಘೋಷಣೆ ತೆಲುಗಿನಲ್ಲಿ ಆಯಿತು, ಹಿಂದಿಯಲ್ಲಿ ಆಯಿತು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

"ಕನಿಕರ ಅಲ್ಲಲ್ಲ?"

"ಕನಿಕರ ಇದ್ದಿದ್ರ, ಆವತ್ತ ಮೆಟ್ಟಲದಾಗ ನಿಂತು ಹೌದ್ರಿ, ಸಿ ನಿಮ್ಮವ್ವನ ಸೊಪ್ಪ ಐತಿ ಅಂದುಬಿಡ್ತಿದ್ದೆ."

ರೈಲು ಬಂದು ನಿಂತಿತು. ಜನ ಇಳಿದರು, ಹತ್ತಿದರು. ಬಾಳೆಹಣ್ಣಿನ ಮಗುವೂ ಹೋಯಿತು. ಹುಲಗೇಶ ಏಳಲು ಹೋದಾಗ ಗುಣವತಿ ಅವನ ಅಂಗಿಯ ತೋಳು ಹಿಡಿದು ಕೂಡಿಸಿದಳು.

"ಮುಂದಿನ ಗಾಡಿಗೆ ಹೋಗೂಣು," ಎಂದಳು. "ನನಗ ಹಸಿವಾಗೈತಿ. ಏನರ ತಿನ್ನೂಣು ಮೊದಲ."